ಸೂಚಕವೋ ಕಾರಣವೋ? ಉರಿಯೂತದ ರಕ್ತಸೂಚಕಗಳು ಮತ್ತು ಅಪಧಮನಿ ರೋಗ: ಒಂದು ಪ್ರಮಾಣ ವಿಮರ್ಶೆ

೧

ಒಂದು ವಸ್ತು ಇನ್ನೊಂದರ ಜೊತೆಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಅದೇ ಇದಕ್ಕೆ ಕಾರಣವೆಂದು ಹೇಳಲಾಗದೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೆಟ್ಟದ ಮೇಲೆ ಹೊಗೆ ಕಂಡಾಗ ಅಲ್ಲಿ ಬೆಂಕಿಯಿರಬೇಕೆಂದು ಊಹಿಸುವುದು ನ್ಯಾಯಸಮ್ಮತ. ಹೊಗೆಯೇ ಬೆಂಕಿಗೆ ಕಾರಣವೆಂದಾಗಲಿ, ಹೊಗೆಯನ್ನು ಚದುರಿಸಿದರೆ ಬೆಂಕಿ ಆರುವುದೆಂದಾಗಲಿ ಹೇಳುವವನನ್ನು ಯಾರೂ ಪಂಡಿತನೆಂದು ಒಪ್ಪರು. ಆದರೆ ಹೊಗೆಯನ್ನು ಅಳೆಯುವ ಉಪಕರಣವೊಂದು ಕೈಗೆ ಬಂದು, ಅಳತೆಯ ಫಲ ಅಂಕಿಯಾಗಿ ಕಾಗದದ ಮೇಲೆ ಮೂಡತೊಡಗಿದಾಗ, ಇಷ್ಟು ಸರಳವಾದ ವಿವೇಕವೂ ಮಸುಕಾಗುವುದುಂಟು.

ಕಳೆದ ಮೂರು ದಶಕಗಳಿಂದ ಅಪಧಮನಿ ರೋಗದ ಚರ್ಚೆಯಲ್ಲಿ ಇಂಥದೊಂದು ಹೊಗೆಗೆ ಅಸಾಧಾರಣವಾದ ಪ್ರಾಮುಖ್ಯ ದೊರೆತಿದೆ. ಅದೇ ಸಿ-ರಿಯಾಕ್ಟಿವ್ ಪ್ರೋಟೀನು, ಸಂಕ್ಷೇಪವಾಗಿ ಸಿ.ಆರ್.ಪಿ. ದೇಹದಲ್ಲಿ ಎಲ್ಲಿಯೇ ಆಗಲಿ ಉರಿಯೂತವೆದ್ದರೆ ಯಕೃತ್ತು ಈ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇದರ ಪ್ರಮಾಣವನ್ನು ಕೆಲವರು ಹೃದಯಾಘಾತದ ಮುನ್ಸೂಚನೆಯೆಂದು ಬಗೆದಿದ್ದಾರೆ. ಕೆಲವರು ಹೃದಯಾಘಾತದ ಕಾರಣಗಳಲ್ಲಿ ಒಂದೆಂದು ಎಣಿಸಿದ್ದಾರೆ. ಮತ್ತೆ ಕೆಲವರು ಚಿಕಿತ್ಸೆಯಿಂದ ತಗ್ಗಿಸಬೇಕಾದ ಗುರಿಯೆಂದು ಸಾರಿದ್ದಾರೆ. ಈ ಮೂರು ಮಾತುಗಳು ಒಂದೇ ಅಲ್ಲ. ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ ಬೇಕು. ಮೂರನ್ನೂ ಬಿಡಿಸಿ ನೋಡಿ, ಯಾವುದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ವೈದ್ಯಶಾಸ್ತ್ರದ ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸವೆಂಬ ಆಕ್ಷೇಪಣೆ ಸಹಜವಾದದ್ದೆ. ರೋಗಿಯ ಚಿಕಿತ್ಸೆ ವೈದ್ಯನಿಗೆ ಸೇರಿದ್ದು. ಅದರಲ್ಲಿ ನಮಗೆ ಅಧಿಕಾರವಿಲ್ಲ. ಪ್ರಮಾಣಗಳ ಪರೀಕ್ಷೆಯಾದರೋ ಎಲ್ಲ ಶಾಸ್ತ್ರಗಳಿಗೂ ಸಮಾನವಾದದ್ದು. ಹೊಸದೊಂದು ಶಾಸನ ದೊರೆತಾಗ ಇತಿಹಾಸಕಾರನು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನೆ: ಇದು ಹುಟ್ಟಿದ್ದು ಘಟನೆಗೆ ಮುಂಚೆಯೋ, ಆಮೇಲೆಯೋ? ಇದು ತಾನಾಗಿ ಹೇಳುವುದೆಷ್ಟು, ನಾವು ಇದರ ಬಾಯಿಂದ ಹೇಳಿಸುವುದೆಷ್ಟು? ಇದನ್ನು ಬರೆಸಿದವರು ಯಾರು, ಅವರಿಗೆ ಅದರಿಂದ ಒದಗಿದ ಪ್ರಯೋಜನವೇನು? ಇದರೊಡನೆ ಸಂಬಂಧವಿಲ್ಲದ ಬೇರೆ ಆಕರಗಳು ಇದನ್ನು ಸಮರ್ಥಿಸುತ್ತವೆಯೆ? ರಕ್ತದ ಸೂಚಕವೂ ಒಂದು ಬಗೆಯ ಆಕರವೇ. ಅದನ್ನೂ ಈ ನಾಲ್ಕು ಪ್ರಶ್ನೆಗಳಿಗೆ ಒಡ್ಡುವುದರಲ್ಲಿ ತಪ್ಪಿಲ್ಲ.

ಈ ಪರೀಕ್ಷೆ ಕೇವಲ ಬೌದ್ಧಿಕ ವಿನೋದವೂ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಭಾಗಿಗಳಾಗಿದ್ದ ‘ಇಂಟರ್‌ಹಾರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ೨೦೦೭ರ ವರದಿಯ ಪ್ರಕಾರ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು ೫೩. ಇತರ ದೇಶಗಳವರಲ್ಲಿ ೫೮.೮. ಸುಮಾರು ಆರು ವರ್ಷಗಳ ಈ ಅಂತರವೆಂದರೆ, ಸಂಸಾರದ ಭಾರವನ್ನು ಇನ್ನೂ ಇಳಿಸದಿರುವ ಗೃಹಸ್ಥರ ಆಯುಷ್ಯದ ಪ್ರಶ್ನೆ. ಇಂಥಲ್ಲಿ ಯಾವ ಅಂಕಿಯನ್ನು ನಂಬಬೇಕು, ಎಷ್ಟು ನಂಬಬೇಕು ಎಂಬುದು ವಿದ್ಯಾವಂತರೆಲ್ಲ ವಿಚಾರಿಸತಕ್ಕ ವಿಷಯ.

೨

ಮೊದಲು ಪೂರ್ವೇತಿಹಾಸ. ಅಪಧಮನಿಗಳ ಒಳಗೋಡೆ ದಪ್ಪವಾಗಿ, ಕೊಬ್ಬು ಮತ್ತು ಸುಣ್ಣದ ಅಂಶಗಳು ಅಲ್ಲಿ ಸೇರಿ, ಕ್ರಮೇಣ ನಾಳ ಪೆಡಸಾಗುವ ಈ ರೋಗ ಆಧುನಿಕ ನಾಗರಿಕತೆಯ ಸೃಷ್ಟಿಯೆಂಬ ಮಾತು ಜನಜನಿತವಾಗಿದೆ. ಇದು ಪೂರ್ತಿಯಾಗಿ ಸರಿಯಲ್ಲ. ಈಜಿಪ್ಟ್, ಪೆರು, ಉತ್ತರ ಅಮೆರಿಕದ ನೈಋತ್ಯ ಭಾಗ, ಅಲ್ಯೂಷಿಯನ್ ದ್ವೀಪಗಳು, ಹೀಗೆ ನಾಲ್ಕು ಪ್ರದೇಶಗಳ ೧೩೭ ಮಮ್ಮಿಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸಿದ ವಿದ್ವಾಂಸರು, ಅವುಗಳಲ್ಲಿ ೪೭ರ ಅಪಧಮನಿಗಳಲ್ಲಿ ಈ ರೋಗದ ನಿಶ್ಚಿತವಾದ ಅಥವಾ ಸಂಭಾವ್ಯವಾದ ಕುರುಹುಗಳಿವೆಯೆಂದು ೨೦೧೩ರಲ್ಲಿ ಪ್ರಕಟಿಸಿದರು. ಆ ಜನರು ಸದಾ ಅನುಭವಿಸುತ್ತಿದ್ದ ಸೋಂಕುಗಳಿಂದುಂಟಾದ ಉರಿಯೂತವೇ ಇದಕ್ಕೆ ಕಾರಣವಿರಬಹುದೆಂಬ ಊಹೆಯೂ ಆಗ ಹೊರಟಿತು. ಊಹೆ ಆಕರ್ಷಕವಾಗಿದೆ. ಆದರೆ ಮಮ್ಮಿಯಲ್ಲಿ ಸುಣ್ಣ ಉಳಿಯುತ್ತದೆ. ಹರಿಯುವ ರಕ್ತ ಉಳಿಯುವುದಿಲ್ಲ. ಆದುದರಿಂದ ಅದು ಊಹೆಯಾಗಿಯೇ ನಿಂತಿದೆ.

ಉರಿಯೂತಕ್ಕೂ ಅಪಧಮನಿ ರೋಗಕ್ಕೂ ಇರುವ ಸಂಬಂಧದ ವಾದ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿಯೆನ್ನಾದ ರೊಕಿಟಾನ್‌ಸ್ಕಿ, ರಕ್ತದಲ್ಲಿನ ದ್ರವ್ಯಗಳು ನಾಳದ ಒಳಮೈಗೆ ಪದರಪದರವಾಗಿ ಕೂರುವುದೇ ರೋಗದ ಮೂಲವೆಂದನು. ಜರ್ಮನಿಯ ರುಡಾಲ್ಫ್ ವಿರ್ಖೋ ಇದನ್ನು ಖಂಡಿಸಿ, ನಾಳದ ಗೋಡೆಯೇ ಕೆರಳಿ ತೋರುವ ಪ್ರತಿಕ್ರಿಯೆ, ಎಂದರೆ ಉರಿಯೂತ, ಮೂಲವೆಂದು ವಾದಿಸಿದನು. ೧೯೧೩ರಲ್ಲಿ ರಷ್ಯದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ಉಣಿಸಿ ಅವುಗಳ ಅಪಧಮನಿಗಳಲ್ಲಿ ಇದೇ ಬಗೆಯ ವಿಕಾರಗಳನ್ನು ಉಂಟುಮಾಡಿದ ಮೇಲೆ ವಿಚಾರದ ಪ್ರವಾಹ ಕೊಲೆಸ್ಟರಾಲಿನ ಕಡೆಗೆ ತಿರುಗಿತು. ೧೯೯೯ರಲ್ಲಿ ಅಮೆರಿಕದ ರಸೆಲ್ ರಾಸ್, ಅಪಧಮನಿ ಕಾಠಿನ್ಯವು ಒಂದು ಉರಿಯೂತದ ರೋಗವೆಂದು ತಲೆಬರಹದಲ್ಲಿಯೇ ಸಾರುವ ಸಮೀಕ್ಷೆಯನ್ನು ಬರೆದಾಗ, ಹಳೆಯ ವಾದ ಮತ್ತೆ ಪಟ್ಟಕ್ಕೆ ಬಂದಂತಾಯಿತು.

ಇಲ್ಲಿಂದ ಹುಟ್ಟಿದ ಒಂದು ಐತಿಹ್ಯವನ್ನು ಅನೇಕ ಲೇಖನಗಳ ಪೀಠಿಕೆಯಲ್ಲಿ ಕಾಣಬಹುದು. ವಿರ್ಖೋ ಸತ್ಯವನ್ನು ಕಂಡಿದ್ದನು, ಕೊಲೆಸ್ಟರಾಲ್‌ವಾದಿಗಳು ಅದನ್ನು ಮರೆಸಿದರು, ನಮ್ಮ ಕಾಲ ಅದನ್ನು ಪುನರುದ್ಧಾರ ಮಾಡಿತು ಎಂಬುದು ಅದರ ಸಾರಾಂಶ. ಈ ಐತಿಹ್ಯವನ್ನು ಒಪ್ಪಲು ಎರಡು ಅಡ್ಡಿಗಳಿವೆ. ಮೊದಲನೆಯದಾಗಿ, ವಿರ್ಖೋ ಹೇಳಿದ ಉರಿಯೂತವೂ ನಾವು ಹೇಳುವ ಉರಿಯೂತವೂ ಒಂದೇ ಅಲ್ಲ. ದೇಹದ ಅಲೆಮಾರಿ ಕಣಗಳು ಪರವಸ್ತುಗಳನ್ನು ನುಂಗುವುದನ್ನು ಮೆಚ್ನಿಕೋವ್ ತೋರಿಸಿದ್ದು ೧೮೮೦ರ ದಶಕದಲ್ಲಿ. ಕಣದಿಂದ ಕಣಕ್ಕೆ ಸುದ್ದಿಯೊಯ್ಯುವ ಇಂಟರ್‌ಲ್ಯೂಕಿನ್‌ಗಳು ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹೆಸರು ಒಂದೇ ಆಗಿರುವುದರಿಂದ ಪದಾರ್ಥವೂ ಒಂದೇ ಎಂದು ತಿಳಿಯುವುದು ಇತಿಹಾಸದಲ್ಲಿ ಕಾಲವಿಪರ್ಯಾಸವೆನಿಸುತ್ತದೆ. ಎರಡನೆಯದಾಗಿ, ಕೊಲೆಸ್ಟರಾಲಿಗೂ ಉರಿಯೂತಕ್ಕೂ ವೈರವನ್ನು ಕಲ್ಪಿಸುವುದಕ್ಕೆ ಆಧಾರವಿಲ್ಲ. ಎಲ್.ಡಿ.ಎಲ್. ಎಂಬ ಕೊಬ್ಬಿನ ಕಣಗಳು ನಾಳದ ಗೋಡೆಯೊಳಗೆ ಸೇರುತ್ತವೆ. ರಕ್ತದ ಬಿಳಿಯ ಕಣಗಳು ಅಲ್ಲಿಗೆ ನುಗ್ಗಿ ಅವನ್ನು ನುಂಗಿ ನೊರೆತುಂಬಿದಂತೆ ಉಬ್ಬುತ್ತವೆ. ಅವು ಸತ್ತು ರಾಶಿಯಾದಾಗ ಮೇಲಿನ ಹೊದಿಕೆ ತೆಳುವಾಗಿ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಕೊಲೆಸ್ಟರಾಲಿನ ಸೂಕ್ಷ್ಮವಾದ ಹರಳುಗಳೇ ಈ ಕಣಗಳನ್ನು ಕೆರಳಿಸಿ ಇಂಟರ್‌ಲ್ಯೂಕಿನ್-೧ ಬೀಟಾ ಎಂಬ ದ್ರವ್ಯವನ್ನು ಹೊರಡಿಸುತ್ತವೆಯೆಂಬುದು ೨೦೧೦ರಲ್ಲಿ ಪ್ರಯೋಗಗಳಿಂದ ತಿಳಿಯಿತು. ಹೀಗೆ ಒಂದು ಸೌದೆ, ಇನ್ನೊಂದು ಕಿಡಿ. ಎರಡರಲ್ಲಿ ಯಾವುದು ನಿಜವೆಂಬ ಪ್ರಶ್ನೆಗೆ ಅರ್ಥವಿಲ್ಲ.

೩

ಇನ್ನು ಸೂಚಕದ ಚರಿತ್ರೆಗೆ ಬರೋಣ. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತರಸವನ್ನು ಪರೀಕ್ಷಿಸುತ್ತಿದ್ದರು. ಆ ರೋಗದ ಸೂಕ್ಷ್ಮಾಣುವಿನಿಂದ ತೆಗೆದ ‘ಸಿ’ ಎಂಬ ಭಾಗದೊಡನೆ ರೋಗಿಯ ರಕ್ತರಸ ಸೇರಿದಾಗ ಗಸಿ ಇಳಿಯುತ್ತಿತ್ತು. ರೋಗ ವಾಸಿಯಾದ ಮೇಲೆ ಇಳಿಯುತ್ತಿರಲಿಲ್ಲ. ಈ ಕ್ರಿಯೆಗೆ ಕಾರಣವಾದದ್ದು ಒಂದು ಪ್ರೋಟೀನೆಂದು ಮುಂದೆ ತಿಳಿದು, ಸಿ-ರಿಯಾಕ್ಟಿವ್ ಪ್ರೋಟೀನು ಎಂಬ ಹೆಸರು ಬಂದಿತು. ಈ ಜನ್ಮವೃತ್ತಾಂತ ಗಮನಾರ್ಹವಾದದ್ದು. ಹೃದಯಕ್ಕೂ ಅಪಧಮನಿಗೂ ಇದಕ್ಕೂ ಹುಟ್ಟಿನಲ್ಲಿ ಯಾವ ಸಂಬಂಧವೂ ಇರಲಿಲ್ಲ. ಇದು ಹುಟ್ಟಿದ್ದು ಪುಪ್ಪುಸದ ಸೋಂಕಿನ ಸಾಕ್ಷಿಯಾಗಿ. ಗಾಯ, ಜ್ವರ, ಕೀಲುವಾತ, ವಸಡಿನ ಬಾವು, ಸ್ಥೂಲಕಾಯ, ಧೂಮಪಾನ, ಇವೆಲ್ಲವುಗಳಲ್ಲಿಯೂ ಇದು ಏರುತ್ತದೆ. ತೀವ್ರವಾದ ಸೋಂಕಿನಲ್ಲಿ ನೂರಾರು ಪಟ್ಟು ಏರುವುದೂ ಉಂಟು.

ಹೃದಯಾಘಾತವಾದವರ ರಕ್ತದಲ್ಲಿಯೂ ಇದು ಏರುವುದನ್ನು ವೈದ್ಯರು ೧೯೫೦ರ ದಶಕದಲ್ಲಿಯೇ ಗಮನಿಸಿದ್ದರು. ಆದರೆ ಆಘಾತದಿಂದ ಹೃದಯದ ಸ್ನಾಯು ಸತ್ತಾಗ ಅಲ್ಲಿ ಉರಿಯೂತ ಏಳುವುದು ಸ್ವಾಭಾವಿಕ. ಯುದ್ಧ ಮುಗಿದ ಮೇಲೆ ಬರೆಸಿದ ಶಾಸನದಿಂದ ಯುದ್ಧದ ಕಾರಣವನ್ನು ತಿಳಿಯುವುದು ಹೇಗೆ ಕಷ್ಟವೋ, ಆಘಾತವಾದ ಮೇಲೆ ತೆಗೆದ ರಕ್ತದಿಂದ ಆಘಾತದ ಕಾರಣವನ್ನು ತಿಳಿಯುವುದೂ ಹಾಗೆಯೇ. ನಮ್ಮ ಮೊದಲ ಪ್ರಶ್ನೆಯಾದ ಕಾಲಾನುಕ್ರಮಕ್ಕೆ ತಕ್ಕ ಉತ್ತರ ದೊರೆತದ್ದು ೧೯೯೭ರಲ್ಲಿ. ಅಮೆರಿಕದ ೨೨,೦೭೧ ಪುರುಷ ವೈದ್ಯರು ಪಾಲ್ಗೊಂಡಿದ್ದ ಒಂದು ದೊಡ್ಡ ಅಧ್ಯಯನದಲ್ಲಿ, ಅವರು ಆರೋಗ್ಯವಾಗಿದ್ದಾಗಲೇ ಕೊಟ್ಟಿದ್ದ ರಕ್ತವನ್ನು ಶೈತ್ಯದಲ್ಲಿ ಕಾದಿರಿಸಲಾಗಿತ್ತು. ಪಾಲ್ ರಿಡ್ಕರ್ ಮತ್ತು ಸಂಗಡಿಗರು, ಮುಂದೆ ರೋಗಕ್ಕೆ ತುತ್ತಾದ ೫೪೩ ಮಂದಿಯ ರಕ್ತವನ್ನೂ ತುತ್ತಾಗದ ಅಷ್ಟೇ ಮಂದಿಯ ರಕ್ತವನ್ನೂ ಹೋಲಿಸಿ ನೋಡಿದರು. ಸಿ.ಆರ್.ಪಿ. ಅತ್ಯಧಿಕವಾಗಿದ್ದ ಕಾಲು ಭಾಗದವರಿಗೆ, ಅತ್ಯಲ್ಪವಾಗಿದ್ದ ಕಾಲು ಭಾಗದವರಿಗಿಂತ ಹೃದಯಾಘಾತದ ಸಂಭವ ೨.೯ ಪಟ್ಟು ಹೆಚ್ಚಾಗಿತ್ತು. ಸಾಕ್ಷಿ ಘಟನೆಗೆ ಮುಂಚಿನದೆಂಬುದು ಇದರಿಂದ ಸ್ಥಿರಪಟ್ಟಿತು. ಇದು ಸಣ್ಣ ಸಾಧನೆಯಲ್ಲ.

ಅನಂತರದ ಆಧಾರಗಳೂ ಈ ಸಾಕ್ಷ್ಯವನ್ನು ಬಲಪಡಿಸಿವೆ. ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೨೭,೯೩೯ ಮಹಿಳೆಯರನ್ನು ಮೂವತ್ತು ವರ್ಷಗಳ ಕಾಲ ಅನುಸರಿಸಲಾಗಿತ್ತು. ಪ್ರಾರಂಭದಲ್ಲಿ ಒಮ್ಮೆ ಮಾತ್ರ ಅಳೆದ ಸಿ.ಆರ್.ಪಿ.ಯ ಅತ್ಯುನ್ನತ ಐದನೆಯ ಒಂದು ಪಾಲಿನವರ ಅಪಾಯ ಅತ್ಯಲ್ಪ ಪಾಲಿನವರದಕ್ಕಿಂತ ೧.೭೦ ಪಟ್ಟಿತ್ತು, ಎಲ್.ಡಿ.ಎಲ್. ವಿಷಯದಲ್ಲಿ ಇದೇ ನಿಷ್ಪತ್ತಿ ೧.೩೬. ಸಿ.ಆರ್.ಪಿ. ಕೇವಲ ಭ್ರಾಂತಿಯೆಂದು ತಳ್ಳಿಹಾಕುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

೪

ಸಾಕ್ಷಿ ಸತ್ಯವಂತನೆಂದ ಮಾತ್ರಕ್ಕೆ ಅವನ ಹೇಳಿಕೆ ನಮ್ಮ ವ್ಯಾಜ್ಯಕ್ಕೇ ಸಂಬಂಧಪಟ್ಟದ್ದೆಂದು ತಿಳಿಯಬಾರದು. ಎರಡನೆಯ ಪ್ರಶ್ನೆ ಇಲ್ಲಿ ಏಳುತ್ತದೆ. ೫೪ ಅಧ್ಯಯನಗಳ ೧,೬೦,೩೦೯ ಜನರ ವಿವರಗಳನ್ನು ಕೂಡಿಸಿ ೨೦೧೦ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ಸಿ.ಆರ್.ಪಿ. ಹೆಚ್ಚಿದ್ದವರಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯು ಮಾತ್ರವಲ್ಲದೆ, ಕೆಲವು ಬಗೆಯ ಕ್ಯಾನ್ಸರ್ ಹಾಗೂ ಪುಪ್ಪುಸದ ರೋಗಗಳಿಂದಾಗುವ ಮರಣಗಳೂ ಹೆಚ್ಚಾಗಿ ಕಂಡುಬಂದುವು. ಎಂದರೆ ಈ ಹೊಗೆ ಅನೇಕ ಬೆಂಕಿಗಳಿಂದ ಏಳತಕ್ಕದ್ದು. ಯಾವ ಬೆಟ್ಟದಲ್ಲಿ ಬೆಂಕಿಯಿದೆಯೆಂಬುದನ್ನು ಅದು ತಾನಾಗಿ ಹೇಳಲಾರದು.

ಹಾಗಾದರೆ ಮುನ್ಸೂಚನೆಯಾಗಿ ಇದರ ಉಪಯೋಗವೆಷ್ಟು? ೨೦೦೩ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆಗಳು, ಲೀಟರಿಗೆ ೧ ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ಅಲ್ಪಾಪಾಯ, ೧ರಿಂದ ೩ರವರೆಗೆ ಮಧ್ಯಮ, ೩ನ್ನು ಮೀರಿದರೆ ಅಧಿಕ ಎಂದು ಗೊತ್ತುಪಡಿಸಿದುವು. ೧೦ನ್ನು ಮೀರಿದರೆ ಸೋಂಕೇ ಮೊದಲಾದ ಬೇರೆ ಕಾರಣಗಳನ್ನು ಹುಡುಕಿ, ಕೆಲವು ವಾರಗಳ ಮೇಲೆ ಮತ್ತೆ ಅಳೆಯಬೇಕೆಂದೂ ಹೇಳಿದುವು. ಆದರೆ ವಯಸ್ಸು, ರಕ್ತದೊತ್ತಡ, ಧೂಮಪಾನ, ಸಿಹಿಮೂತ್ರ, ಕೊಲೆಸ್ಟರಾಲ್ ಇವೆಲ್ಲ ಮೊದಲೇ ತಿಳಿದಿರುವಾಗ ಸಿ.ಆರ್.ಪಿ. ಹೊಸದಾಗಿ ಏನನ್ನು ಹೇಳುತ್ತದೆಂಬುದು ಮುಖ್ಯವಾದ ಪ್ರಶ್ನೆ. ೨,೪೬,೬೬೯ ಜನರ ದಾಖಲೆಗಳನ್ನು ಆಧರಿಸಿದ ೨೦೧೨ರ ಗಣನೆ ಇದಕ್ಕೆ ಉತ್ತರ ಕೊಟ್ಟಿತು. ಮಧ್ಯಮ ಅಪಾಯದ ವರ್ಗಕ್ಕೆ ಸೇರಿದ ೪೦೦ರಿಂದ ೫೦೦ ಮಂದಿಗೆ ಸಿ.ಆರ್.ಪಿ.ಯನ್ನೋ, ಇನ್ನೊಂದು ಸೂಚಕವಾದ ಫೈಬ್ರಿನೋಜೆನನ್ನೋ ಅಳೆದು ತಕ್ಕ ಚಿಕಿತ್ಸೆ ಕೊಟ್ಟರೆ, ಹತ್ತು ವರ್ಷಗಳಲ್ಲಿ ಹೆಚ್ಚಾಗಿ ಒಂದು ಆಘಾತವನ್ನು ತಪ್ಪಿಸಬಹುದು. ಇದು ಶೂನ್ಯವಲ್ಲ, ತಪ್ಪಿದ ಆ ಒಂದು ಆಘಾತ ಒಂದು ಮನೆಯ ದೀಪವನ್ನು ಉಳಿಸೀತು. ಹಾಗೆಂದು ಜಯಭೇರಿ ಹೊಡೆಯುವಷ್ಟು ದೊಡ್ಡದೂ ಅಲ್ಲ.

ಮೂರನೆಯ ಪ್ರಶ್ನೆಯನ್ನು ಕೇಳಬೇಕಾದದ್ದು ೨೦೦೮ರಲ್ಲಿ ಪ್ರಕಟವಾದ ‘ಜೂಪಿಟರ್’ ಎಂಬ ಪ್ರಸಿದ್ಧ ಪ್ರಯೋಗದ ವಿಷಯದಲ್ಲಿ. ಎಲ್.ಡಿ.ಎಲ್. ೧೩೦ಕ್ಕಿಂತ ಕೆಳಗಿದ್ದು ಸಿ.ಆರ್.ಪಿ. ೨ ಅಥವಾ ಹೆಚ್ಚಾಗಿದ್ದ ೧೭,೮೦೨ ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ರೋಸುವಾಸ್ಟಾಟಿನ್ ಎಂಬ ಔಷಧವನ್ನೂ ಉಳಿದರ್ಧಕ್ಕೆ ಔಷಧಗುಣವಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಸರಾಸರಿ ಎರಡು ವರ್ಷಗಳೂ ತುಂಬುವ ಮೊದಲೇ ಪ್ರಯೋಗವನ್ನು ನಿಲ್ಲಿಸಿದರು. ಹುಸಿಮಾತ್ರೆಯವರಲ್ಲಿ ೨೫೧ ಅನಾಹುತಗಳೂ ಔಷಧ ಸೇವಿಸಿದವರಲ್ಲಿ ೧೪೨ ಅನಾಹುತಗಳೂ ಆಗಿದ್ದುವು. ಅಪಾಯ ನೂರಕ್ಕೆ ೪೪ರಷ್ಟು ತಗ್ಗಿತೆಂದು ಲೋಕವೆಲ್ಲ ಕೊಂಡಾಡಿತು. ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿದರೆ, ನೂರು ಮಂದಿಯಲ್ಲಿ ೨.೮ ಇದ್ದದ್ದು ೧.೬ಕ್ಕೆ ಇಳಿಯಿತು. ಎರಡು ಮಾತುಗಳೂ ಸತ್ಯವೇ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಟ್ಟಾಗ ಸತ್ಯ ಪ್ರಚಾರವಾಗುತ್ತದೆ.

ಆ ಪ್ರಯೋಗದ ವೆಚ್ಚವನ್ನು ಭರಿಸಿದ್ದು ಆ ಔಷಧವನ್ನು ತಯಾರಿಸುವ ಸಂಸ್ಥೆಯೇ. ಉರಿಯೂತ ಸೂಚಕಗಳ ಉಪಯೋಗಕ್ಕೆ ಸಂಬಂಧಿಸಿದ ಪೇಟೆಂಟುಗಳಲ್ಲಿ ಮುಖ್ಯ ಸಂಶೋಧಕರ ಹೆಸರಿತ್ತು. ಇವೆರಡನ್ನೂ ಅವರ ವರದಿಯಲ್ಲಿಯೇ ಮುಚ್ಚುಮರೆಯಿಲ್ಲದೆ ತಿಳಿಸಲಾಗಿತ್ತು. ದಾನಶಾಸನವನ್ನು ಬರೆಸಿದವನು ದಾನಿಯೇ ಆಗಿದ್ದ ಮಾತ್ರಕ್ಕೆ ದಾನ ಸುಳ್ಳಾಗುವುದಿಲ್ಲ. ಆದರೆ ಅಂಥ ಶಾಸನವನ್ನು ಎರಡು ಸಲ ಓದಬೇಕಾಗುತ್ತದೆ. ಎರಡನೆಯ ಓದಿನಲ್ಲಿ ಕಾಣುವ ದೋಷ ಹಣಕ್ಕೆ ಸಂಬಂಧಿಸಿದ್ದಲ್ಲ, ರಚನೆಗೆ ಸಂಬಂಧಿಸಿದ್ದು. ಸಿ.ಆರ್.ಪಿ. ಕಡಮೆಯಿದ್ದವರು ಆ ಪ್ರಯೋಗದಲ್ಲಿ ಒಬ್ಬರೂ ಇರಲಿಲ್ಲ. ಹೆಚ್ಚಿದ್ದವರಿಗೆ ಔಷಧದಿಂದ ಲಾಭವಾಯಿತೆಂಬುದು ಸಿದ್ಧವಾಯಿತು. ಕಡಮೆಯಿದ್ದವರಿಗೆ ಆಗುತ್ತಿರಲಿಲ್ಲವೆಂಬುದು ಸಿದ್ಧವಾಗಲಿಲ್ಲ. ಅಲ್ಲದೆ ಔಷಧದಿಂದ ಸಿ.ಆರ್.ಪಿ. ಇಳಿದಂತೆ ಎಲ್.ಡಿ.ಎಲ್. ಕೂಡ ಅರ್ಧಕ್ಕೆ ಇಳಿದಿತ್ತು. ಲಾಭ ಯಾವುದರಿಂದ ಬಂದಿತೆಂದು ಬೇರ್ಪಡಿಸಲು ದಾರಿಯಿರಲಿಲ್ಲ. ಆ ಇಲ್ಲದ ಹೋಲಿಕೆಯನ್ನು ಒದಗಿಸಿದ್ದು ಬ್ರಿಟನ್ನಿನ ‘ಹಾರ್ಟ್ ಪ್ರೊಟೆಕ್ಷನ್’ ಅಧ್ಯಯನದ ೨೦೧೧ರ ವರದಿ. ಅಲ್ಲಿ ೨೦,೫೩೬ ಜನರನ್ನು ಸಿ.ಆರ್.ಪಿ.ಯ ಪ್ರಮಾಣಕ್ಕನುಸಾರವಾಗಿ ಆರು ಗುಂಪುಗಳನ್ನಾಗಿ ವಿಂಗಡಿಸಿ ನೋಡಿದಾಗ, ಸ್ಟಾಟಿನ್ ವರ್ಗದ ಔಷಧದಿಂದಾದ ಪ್ರಯೋಜನದ ನಿಷ್ಪತ್ತಿ ಎಲ್ಲ ಗುಂಪುಗಳಲ್ಲಿಯೂ ಸರಿಸುಮಾರು ಸಮನಾಗಿತ್ತು. ಈ ಔಷಧ ಯಾರಿಗೆ ಫಲಿಸುವುದೆಂಬುದನ್ನು ನಿರ್ಣಯಿಸುವ ನ್ಯಾಯಾಧೀಶನ ಪೀಠ ಸಿ.ಆರ್.ಪಿ.ಗೆ ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

೫

ಕೊನೆಯ ಪ್ರಶ್ನೆ ಅತ್ಯಂತ ಕಠಿಣವಾದದ್ದು: ಸ್ವತಂತ್ರವಾದ ಆಕರಗಳು ಏನು ಹೇಳುತ್ತವೆ? ಸಿ.ಆರ್.ಪಿ. ಹೆಚ್ಚಿರುವವರಲ್ಲಿ ಧೂಮಪಾನಿಗಳೂ ಸ್ಥೂಲಕಾಯರೂ ಹೆಚ್ಚು. ಹೀಗಿರುವಾಗ ಅವರ ರೋಗಕ್ಕೆ ಆ ಪ್ರೋಟೀನು ಹೊಣೆಯೋ, ಬೊಜ್ಜು ಹೊಣೆಯೋ? ಈ ಗಂಟನ್ನು ಬಿಡಿಸಲು ಪ್ರಕೃತಿಯೇ ಒಂದು ಪ್ರಯೋಗವನ್ನು ನಡೆಸಿಕೊಟ್ಟಿದೆ. ಕೆಲವರಿಗೆ ಹುಟ್ಟಿನಿಂದಲೇ, ಜೀನುಗಳ ದೆಸೆಯಿಂದ, ಸಿ.ಆರ್.ಪಿ. ಸ್ವಲ್ಪ ಹೆಚ್ಚಾಗಿರುತ್ತದೆ. ತಂದೆತಾಯಿಗಳಿಂದ ಯಾವ ಜೀನು ಬರುವುದೆಂಬುದು ಚೀಟಿ ಎತ್ತಿದಂತೆ. ಅದನ್ನು ಆಹಾರವಾಗಲಿ ಅಭ್ಯಾಸವಾಗಲಿ ಬದಲಾಯಿಸಲಾರದು. ಸಿ.ಆರ್.ಪಿ.ಯೇ ರೋಗಕಾರಣವಾಗಿದ್ದರೆ ಇಂಥವರಲ್ಲಿ ಹೃದ್ರೋಗ ಹೆಚ್ಚಾಗಿರಬೇಕಷ್ಟೆ. ೧,೯೪,೪೧೮ ಜನರನ್ನು ಒಳಗೊಂಡು ೨೦೧೧ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಹಾಗೆ ಕಂಡುಬರಲಿಲ್ಲ. ಜೀನಿನಿಂದ ಏರಿದ ಸಿ.ಆರ್.ಪಿ.ಗೆ ಸೇರಿದ ಹೆಚ್ಚಿನ ಅಪಾಯ ಶೂನ್ಯ. ಇದೇ ಒರೆಗಲ್ಲಿಗೆ ಎಲ್.ಡಿ.ಎಲ್. ಅನ್ನು ತಿಕ್ಕಿದಾಗ ಅದು ಗಟ್ಟಿಯಾಗಿ ಗೆರೆ ಮೂಡಿಸುತ್ತದೆ, ಹುಟ್ಟಿನಿಂದ ಎಲ್.ಡಿ.ಎಲ್. ಹೆಚ್ಚಿರುವವರಲ್ಲಿ ರೋಗ ಹೆಚ್ಚು, ಕಡಮೆಯಿರುವವರಲ್ಲಿ ಕಡಮೆ. ಒಂದೇ ಪರೀಕ್ಷೆಯಲ್ಲಿ ಒಂದು ಕಾರಣವೆಂದೂ ಇನ್ನೊಂದು ಸಾಕ್ಷಿ ಮಾತ್ರವೆಂದೂ ಹೀಗೆ ತೀರ್ಮಾನವಾಯಿತು.

ಇಲ್ಲಿಗೇ ನಿಲ್ಲಿಸಿದರೆ ವಿಚಾರ ಅರ್ಧವಾಗುತ್ತದೆ. ಹೊಗೆ ಕಾರಣವಲ್ಲವೆಂದರೆ ಬೆಂಕಿಯೇ ಇಲ್ಲವೆಂದು ಅರ್ಥವಲ್ಲ. ಯಕೃತ್ತಿಗೆ ಸಿ.ಆರ್.ಪಿ.ಯನ್ನು ತಯಾರಿಸಲು ಆಜ್ಞೆ ಕೊಡುವುದು ಇಂಟರ್‌ಲ್ಯೂಕಿನ್-೬. ಆ ಆಜ್ಞೆಯನ್ನು ಸ್ವೀಕರಿಸುವ ದ್ವಾರ ಜೀನಿನ ದೆಸೆಯಿಂದ ತುಸು ಮಂದವಾಗಿರುವವರಲ್ಲಿ ಸಿ.ಆರ್.ಪಿ.ಯೂ ಕಡಮೆ, ಹೃದ್ರೋಗವೂ ಕಡಮೆ ಎಂಬುದು ೨೦೧೨ರಲ್ಲಿ ತಿಳಿದುಬಂದಿತು. ಎಂದರೆ ದೋಷ ಹೊಳೆಯ ಕೆಳಭಾಗದಲ್ಲಿಲ್ಲ, ಮೇಲ್ಭಾಗದಲ್ಲಿದೆ. ೨೦೧೭ರಲ್ಲಿ ಪ್ರಕಟವಾದ ‘ಕ್ಯಾಂಟೋಸ್’ ಪ್ರಯೋಗ ಇದನ್ನು ಮನುಷ್ಯರಲ್ಲಿ ನೇರವಾಗಿ ಪರೀಕ್ಷಿಸಿತು. ಹಿಂದೆ ಹೃದಯಾಘಾತವಾಗಿದ್ದು ಸಿ.ಆರ್.ಪಿ. ಹೆಚ್ಚಾಗಿದ್ದ ೧೦,೦೬೧ ಮಂದಿಯಲ್ಲಿ ಕೆಲವರಿಗೆ ಹುಸಿಮದ್ದನ್ನೂ, ಉಳಿದವರಿಗೆ ಇಂಟರ್‌ಲ್ಯೂಕಿನ್-೧ ಬೀಟಾವನ್ನು ತಡೆಯುವ ಕನಕಿನುಮಾಬ್ ಎಂಬ ಚುಚ್ಚುಮದ್ದನ್ನೂ ಮೂರು ತಿಂಗಳಿಗೊಮ್ಮೆ ಕೊಟ್ಟರು. ೧೫೦ ಮಿಲಿಗ್ರಾಮಿನ ಪ್ರಮಾಣದಲ್ಲಿ, ಎಲ್.ಡಿ.ಎಲ್. ತಗ್ಗದೆ ಇದ್ದರೂ ಆಘಾತಾದಿಗಳು ನೂರಕ್ಕೆ ೧೫ರಷ್ಟು ತಗ್ಗಿದುವು. ಜೂಪಿಟರ್‌ನಲ್ಲಿ ಬೆರೆತುಹೋಗಿದ್ದ ಎರಡು ಎಳೆಗಳು ಇಲ್ಲಿ ಬೇರ್ಪಟ್ಟುವು. ಉರಿಯೂತ ಕಾರಣಗಳಲ್ಲಿ ಒಂದೆಂಬ ವಾದಕ್ಕೆ ನಿಜವಾದ ಬಲ ಬಂದದ್ದು ಇಲ್ಲಿಯೇ. ಆದರೆ ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಿದರು. ಒಟ್ಟು ಮರಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಉರಿಯೂತ ದೇಹದ ಶತ್ರು ಮಾತ್ರವಲ್ಲ, ಕಾವಲುಗಾರನೂ ಹೌದು. ಕಾವಲುಗಾರನ ಕೈ ಕಟ್ಟಿದರೆ ಕಳ್ಳನಿಗೂ ಅನುಕೂಲವಾಗುತ್ತದೆಂಬುದನ್ನು ಈ ಪ್ರಯೋಗ ದುಃಖಕರವಾಗಿ ತೋರಿಸಿತು.

ಮುಂದಿನ ಪ್ರಯೋಗಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಕೀಲುವಾತಕ್ಕೆ ಬಳಸುವ ಮೆಥೊಟ್ರೆಕ್ಸೇಟನ್ನು ೪,೭೮೬ ಮಂದಿಯಲ್ಲಿ ಪರೀಕ್ಷಿಸಿದಾಗ ಸಿ.ಆರ್.ಪಿ.ಯೂ ಇಳಿಯಲಿಲ್ಲ, ಆಘಾತಗಳೂ ಇಳಿಯಲಿಲ್ಲ. ಗೌಟ್ ಎಂಬ ಕೀಲುಬೇನೆಗೆ ಕೊಡುವ ಪುರಾತನ ಔಷಧ ಕೊಲ್ಚಿಸಿನ್. ನಮ್ಮ ಕಾಡುಗಳಲ್ಲಿ ಬೆಳೆಯುವ ವಿಷಮಯವಾದ ಅಗ್ನಿಶಿಖೆಯಲ್ಲಿಯೂ ಈ ದ್ರವ್ಯವಿದೆ. ಅದರ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆಂಬುದನ್ನು ಮರೆಯಬಾರದು. ಇದರ ಅತ್ಯಲ್ಪ ಪ್ರಮಾಣವನ್ನು ಹೃದಯಾಘಾತವಾದವರಿಗೆ ಕೊಟ್ಟ ೨೦೧೯ರ ಪ್ರಯೋಗದಲ್ಲಿ ಅನಾಹುತಗಳು ನೂರಕ್ಕೆ ೭.೧ರಿಂದ ೫.೫ಕ್ಕೆ ಇಳಿದುವು; ೨೦೨೦ರ ಇನ್ನೊಂದು ಪ್ರಯೋಗವೂ ಅನುಕೂಲವಾಗಿಯೇ ನುಡಿಯಿತು. ಆದರೆ ೭,೦೬೨ ಮಂದಿ ಭಾಗವಹಿಸಿ ೨೦೨೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಲ ೯.೩ಕ್ಕೆ ಪ್ರತಿಯಾಗಿ ೯.೧, ಎಂದರೆ ಗಣನೀಯವಾದ ಭೇದವೇ ಇಲ್ಲ. ವಿಶೇಷವೇನೆಂದರೆ, ಈ ಕೊನೆಯ ಪ್ರಯೋಗದಲ್ಲಿ ಸಿ.ಆರ್.ಪಿ. ಮಾತ್ರ ಮೂರು ತಿಂಗಳಲ್ಲಿ ನಿಚ್ಚಳವಾಗಿ ಇಳಿದಿತ್ತು. ಅಂಕಿ ಇಳಿಯಿತು, ಆಪತ್ತು ಇಳಿಯಲಿಲ್ಲ. ಸೂಚಕವನ್ನೇ ಗುರಿಯೆಂದು ಭಾವಿಸುವವರು ಈ ಒಂದು ಫಲಿತಾಂಶವನ್ನು ಮನನ ಮಾಡಿದರೆ ಸಾಕು.

೬

ಈ ವಿಚಾರದಿಂದ ನಮ್ಮ ನಾಡಿನ ಓದುಗನು ತಿಳಿಯತಕ್ಕದ್ದೇನು? ಇಂದು ನಗರಗಳ ರಕ್ತಪರೀಕ್ಷಾಲಯಗಳಲ್ಲಿ ಹತ್ತಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಮಾರುವ ‘ಪ್ಯಾಕೇಜು’ಗಳಲ್ಲಿ ಸಿ.ಆರ್.ಪಿ.ಯೂ ಸೇರಿರುವುದು ಸಾಮಾನ್ಯವಾಗಿದೆ. ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಒಂದು ದಪ್ಪ ಅಕ್ಷರದ ಗುರುತು ಬಿದ್ದರೆ ಆರೋಗ್ಯವಂತನೂ ಕಂಗೆಡುತ್ತಾನೆ. ಗುರುತು ಬೀಳದಿದ್ದರೆ ಬೀಡಿ ಸೇದುವವನೂ ನಿಶ್ಚಿಂತನಾಗುತ್ತಾನೆ. ಇವೆರಡೂ ಅವಿವೇಕಗಳೇ, ಎರಡನೆಯದು ಹೆಚ್ಚು ಅಪಾಯಕರವಾದದ್ದು. ಹಿಂದಿನ ವಾರದ ನೆಗಡಿ, ವಾಸಿಯಾಗದ ವಸಡಿನ ಬಾವು, ಕಾಲಿನ ಹುಣ್ಣು, ಇವುಗಳಲ್ಲಿ ಯಾವುದಾದರೂ ಆ ಅಂಕಿಯನ್ನು ಏರಿಸಬಹುದು. ಸೋಂಕುಗಳು ಸಾಮಾನ್ಯವಾಗಿರುವ ನಾಡಿನಲ್ಲಿ ಒಂದೇ ಸಲದ ಅಳತೆಯಿಂದ ಹೃದಯದ ಭವಿಷ್ಯವನ್ನು ನುಡಿಯುವಾಗ ಇಮ್ಮಡಿ ಎಚ್ಚರ ಬೇಕು.

ಆರಂಭದಲ್ಲಿ ಹೆಸರಿಸಿದ ಇಂಟರ್‌ಹಾರ್ಟ್ ಅಧ್ಯಯನದ ೨೦೦೪ರ ಮೊದಲ ವರದಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ೫೨ ದೇಶಗಳಲ್ಲಿ ನಡೆದ ಆ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಲ್ಲಿ ನೂರಕ್ಕೆ ೯೦, ಸ್ತ್ರೀಯರಲ್ಲಿ ೯೪ರಷ್ಟು ಪಾಲು ಒಂಬತ್ತು ಅಂಶಗಳಿಗೆ ಸೇರಿದ್ದು. ರಕ್ತದ ಕೊ‌ಬ್ಬಿನ ಏರುಪೇರು, ಧೂಮಪಾನ, ಸಿಹಿಮೂತ್ರ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣುತರಕಾರಿಗಳ ಕೊರತೆ, ವ್ಯಾಯಾಮದ ಅಭಾವ ಮತ್ತು ಮದ್ಯಪಾನದ ಅಭ್ಯಾಸ, ಇವೇ ಆ ಒಂಬತ್ತು. ಇವುಗಳಲ್ಲಿ ಉರಿಯೂತದ ಸೂಚಕವಿಲ್ಲ. ಇವುಗಳಲ್ಲಿ ಅನೇಕವನ್ನು ತಿಳಿಯಲು ಒಂದು ಅಳತೆಪಟ್ಟಿ, ರಕ್ತದೊತ್ತಡದ ಉಪಕರಣ ಮತ್ತು ಪ್ರಾಮಾಣಿಕವಾದ ನಾಲ್ಕು ಮಾತು ಸಾಕು. ತಾಲ್ಲೂಕು ಆಸ್ಪತ್ರೆಗೂ ಇದು ಎಟುಕದ ವಸ್ತುವಲ್ಲ. ಹಳೆಯ ಆಕರಗಳನ್ನು ಓದದೆ ಹೊಸ ಆಕರದ ಬೆನ್ನು ಹತ್ತುವುದು ಇತಿಹಾಸದಲ್ಲಿ ಹೇಗೆ ಪ್ರಮಾದವೋ, ಆರೋಗ್ಯದ ವಿಷಯದಲ್ಲಿಯೂ ಹಾಗೆಯೇ.

ಒಟ್ಟಿನಲ್ಲಿ ನಾವು ಎತ್ತಿದ ಮೂರು ಮಾತುಗಳ ಬಗೆಗೆ ನಿರ್ಣಯ ಹೀಗಿದೆ. ಸಿ.ಆರ್.ಪಿ. ಮುಂಬರುವ ರೋಗದ ನಂಬಲರ್ಹವಾದ ಸಾಕ್ಷಿಗಳಲ್ಲಿ ಒಂದು. ಇತರ ಸಾಕ್ಷಿಗಳೊಡನೆ ಸೇರಿದಾಗ ಮಾತ್ರ, ಅದರಲ್ಲಿಯೂ ವೈದ್ಯನ ಮನಸ್ಸು ಎರಡು ನಿರ್ಧಾರಗಳ ನಡುವೆ ತೂಗುತ್ತಿರುವಾಗ, ಅದರ ಮಾತಿಗೆ ಬೆಲೆಯುಂಟು. ಅದು ರೋಗಕ್ಕೆ ಕಾರಣವೆಂಬ ವಾದ ಸ್ವತಂತ್ರ ಆಕರಗಳ ಮುಂದೆ ನಿಲ್ಲಲಿಲ್ಲ. ಅದನ್ನು ಇಳಿಸುವುದೇ ಚಿಕಿತ್ಸೆಯ ಗುರಿಯೆಂಬ ವಾದವೂ ನಿಲ್ಲಲಿಲ್ಲ. ಆದರೆ ಅದು ಬೆರಳು ಮಾಡಿ ತೋರಿಸಿದ ಉರಿಯೂತ ನಿಜವಾದದ್ದು. ಅದರ ಮೂಲವನ್ನು ದೇಹದ ಕಾವಲಿಗೆ ಭಂಗ ಬಾರದಂತೆ ತಡೆಯುವ ಉಪಾಯ ವಿದ್ವಾಂಸರು ಇನ್ನೂ ಬಿಡಿಸಬೇಕಾಗಿರುವ ಸಮಸ್ಯೆ. ೧೯೩೦ರಲ್ಲಿ ನ್ಯುಮೋನಿಯಾ ರೋಗಿಯ ರಕ್ತದಲ್ಲಿ ಕಂಡ ಒಂದು ಗಸಿಯಿಂದ ಹೊರಟ ವಿಚಾರ ಇಷ್ಟು ದೂರ ಬಂದಿರುವುದು ಶಾಸ್ತ್ರದ ಹಿರಿಮೆ. ಜೊತೆಯಲ್ಲಿರುವುದು, ಮುನ್ಸೂಚಿಸುವುದು, ಉಂಟುಮಾಡುವುದು, ಈ ಮೂರನ್ನೂ ಬೇರೆ ಬೇರೆಯಾಗಿ ಕಾಣುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅಧ್ಯಾಪಕರ ಹೊಣೆ. ವಿಜ್ಞಾನದ ವಿದ್ಯಾರ್ಥಿಗೂ ಚರಿತ್ರೆಯ ವಿದ್ಯಾರ್ಥಿಗೂ ಇದು ಸಮಾನವಾಗಿ ಬೇಕಾದ ಪಾಠ.